ಇದು ಎಷ್ಟು ಟನ್ನಿನ ಗಾಡಿ?

ಶೋರೂಮಿನಿಂದ ತಂದ ಎರಡು ಕೊಟೇಶನ್ ಕಾಗದಗಳನ್ನು ಅಪ್ಪನ ಮುಂದಿಟ್ಟೆ. ಅವರು ಗಾಡಿಯ ಹೆಸರು ಓದಲಿಲ್ಲ, ಚಿತ್ರ ನೋಡಲಿಲ್ಲ. ಸೀದಾ ಕೆಳಗಿನ ಮೊತ್ತಕ್ಕೆ ಬಂದರು. ಕನ್ನಡಕ ಹಣೆಗೇರಿಸಿ ಕೇಳಿದರು, "ಇದು ಎಷ್ಟ ಟನ್ನಿನ ಗಾಡಿ ಆತಪಾ?"

ಏಕಸಂಬಿಯಲ್ಲಿ ರೊಕ್ಕ ಅಳೆಯೋದೇ ಹಾಗೆ. ಅಕ್ಕನ ಮದುವೆ ಇಷ್ಟು ಟನ್ನಿನದು, ಬೋರ್‌ವೆಲ್ ಇಷ್ಟು ಟನ್ನಿನದು. ಸಂಬಳದ ರೊಕ್ಕ ನನ್ನದೇ, ಬ್ಯಾಂಕಿನ ಕಂತು ಕಟ್ಟುವವನೂ ನಾನೇ. ಆದರೂ ಅಪ್ಪನ ತಲೆಯಲ್ಲಿ ಅದು ಕಬ್ಬಾಗಿ, ಗಾಣದ ಹಂಗಾಮಾಗಿ ಮಾರ್ಪಾಡಾಗಲೇಬೇಕು. ಕಷ್ಟ ಏನೆಂದರೆ ಅದು ಕಳೆದ ವರ್ಷದ ದೀಪಾವಳಿ, 2025ರ ಅಕ್ಟೋಬರ್ ಕೊನೆ. ಕಬ್ಬಿನ ದರ ಇನ್ನೂ ಆಗಿರಲಿಲ್ಲ. ಟನ್ನಿಗೆ 3500 ಬೇಕು ಅಂತ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗಿಳಿಯುವ ಹೊತ್ತು.

"ದರ ಆಗಲಿ. ಆಮ್ಯಾಲ ಲೆಕ್ಕಾ ಹಾಕೂಣು" ಅಂದು ಅಪ್ಪ ಕಾಗದ ಮಡಚಿ ದೇವರ ಜಗಲಿಯ ಮೇಲಿಟ್ಟರು. ಪಾಡ್ಯದ ದಿನ ಹೊಸ ಗಾಡಿ ಮನೆಗೆ ತರಬೇಕು ಅನ್ನೋ ನನ್ನ ಆಸೆ ಅಲ್ಲೇ ಮುಗೀತು. ಈಗ ಅನಿಸುತ್ತದೆ, ಒಳ್ಳೇದೇ ಆಯಿತು.

ನಾನು ಕೆಲಸ ಮಾಡೋದು ಬೆಳಗಾವಿಯಲ್ಲಿ. ಶನಿವಾರ ಸಂಜೆ ಹೊರಟು ಊರಿಗೆ, ಸೋಮವಾರ ಬೆಳಗ್ಗೆ ವಾಪಸ್. ಒಂದು ಕಡೆಗೆ ತೊಂಬತ್ತು ಕಿಲೋಮೀಟರಿನ ಆಸುಪಾಸು. ಇದಕ್ಕೆಲ್ಲ ಇಷ್ಟು ವರ್ಷ ದುಡಿದದ್ದು 2014ರ ಒಂದು 150 ಸಿಸಿ ಗಾಡಿ. ಅದಕ್ಕೆ ವಯಸ್ಸಾಗಿತ್ತು, ನನಗೂ ಮೂವತ್ತು ದಾಟಿತ್ತು. ದೊಡ್ಡ ಗಾಡಿ ಬೇಕು, ಅದೂ ಕ್ರೂಸರ್ ಬೇಕು ಅನಿಸಿತು. ಯಾಕೆ ಅಂತ ಕೇಳಿದರೆ ಮೊದಲ ಉತ್ತರ, ಚೆಂದ ಕಾಣುತ್ತದೆ. ಎರಡನೇ ಉತ್ತರ, ನಾನು ಐದೂವರೆ ಅಡಿಯವ. ಸೀಟು ತಗ್ಗಿದ್ದರೆ ಎರಡೂ ಕಾಲು ನೆಲಕ್ಕೆ ಊರುತ್ತವೆ.

ಮನೆಯಲ್ಲಿ "ಕ್ರೂಸರ್ ತಗೋತೀನಿ" ಅಂದಾಗ ಅವ್ವ ಗಾಬರಿಯಾದಳು. "ಯಾಕೋ ತಮ್ಮಾ, ನೌಕರಿ ಬಿಟ್ಟ ಪ್ಯಾಸೆಂಜರ್ ಹೊಡಿಯಾಂವ ಏನು?" ಅವಳ ತಪ್ಪಲ್ಲ. ನಮ್ಮ ಕಡೆ ಕ್ರೂಸರ್ ಅಂದರೆ ಲಗ್ನದ ದಿಬ್ಬಣ, ಯಲ್ಲಮ್ಮನ ಗುಡ್ಡ, ಪಂಢರಪುರ ಅಂತ ಒಳಗೂ ಮೇಲೂ ಮಂದಿ ತುಂಬಿಕೊಂಡು ಹೋಗುವ ಜೀಪು. ಎರಡು ಗಾಲಿಯ ಕ್ರೂಸರ್ ಕೂಡ ಇರುತ್ತದೆ ಅಂತ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಬೆರಳಿನಿಂದ ಹಿಗ್ಗಿಸಿ ನೋಡಿ ಕೇಳಿದ್ದು ಒಂದೇ ಮಾತು. "ಇದರಾಗ ನಾ ಎಲ್ಲಿ ಕುಂಡ್ರಬೇಕು?"

ಆಗ ನಕ್ಕುಬಿಟ್ಟೆ.

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲವನ್ನೂ ಕ್ರೂಸರ್ ಅಂತಲೇ ಮಾರುತ್ತಾರೆ. ಹತ್ತಿ ಕೂತರೆ ಅವು ಒಂದೇ ಜಾತಿಯವಲ್ಲ ಅಂತ ಗೊತ್ತಾಗುತ್ತದೆ. ಅಪ್ಪಟ ಕ್ರೂಸರಿನಲ್ಲಿ ಕಾಲಿಡುವ ಪೆಗ್ಗು ಮುಂದಿರುತ್ತದೆ, ಸೀಟು ತಗ್ಗು, ಎರಡು ಗಾಲಿಗಳ ನಡುವಿನ ಅಂತರ ಜಾಸ್ತಿ. ಮನೆಯ ಆರಾಮ ಕುರ್ಚಿಯಲ್ಲಿ ಕೂತ ಹಾಗೆ. ನಮ್ಮ ದೇಶದಲ್ಲಿ ಈ ಕೂರುವ ರೀತಿಯನ್ನು ಸಾಮಾನ್ಯರ ಕೈಗೆಟುಕಿಸಿದ್ದು ಬಜಾಜ್. 2001ರಲ್ಲಿ ಕವಾಸಕಿ ಹೆಸರಿನೊಂದಿಗೆ ಎಲಿಮಿನೇಟರ್ ಬಂತು, 2005ರಲ್ಲಿ ಅದೇ ದಾರಿಯಲ್ಲಿ ಅವೆಂಜರ್. ಈಗ ಮೀಟಿಯೋರ್ 350, ಅದರ ದೊಡ್ಡಣ್ಣ ಸೂಪರ್ ಮೀಟಿಯೋರ್ 650 ಈ ಪಂಗಡದವು.

ಎರಡನೆಯದು ಬಾಬರ್. ಮೊಗಲರ ಬಾಬರ್ ಅಲ್ಲ. ಅಮೆರಿಕದಲ್ಲಿ ಗಾಡಿಯ ಭಾರ ಇಳಿಸಲು ಹುಡುಗರು ಮಡ್‌ಗಾರ್ಡ್ ಕತ್ತರಿಸಿ, ಬೇಡದ್ದೆಲ್ಲ ಬಿಚ್ಚಿ ಓಡಿಸತೊಡಗಿದರು. ಬಾಲ ಕತ್ತರಿಸಿದ್ದು ಅನ್ನೋ ಅರ್ಥದಲ್ಲಿ ಆ ಹೆಸರು. ಬಿಚ್ಚಿದ್ದರಲ್ಲಿ ಹಿಂದಿನ ಸೀಟೂ ಸೇರಿತು. ಜಾವಾದ ಪೆರಾಕ್, 42 ಬಾಬರ್ ಒಂಟಿ ಸೀಟಿನವು. ಶಾಟ್‌ಗನ್ 650ರ ಹಿಂದಿನ ಸೀಟು ಬೇಕಾದರೆ ಕೂಡಿಸಬಹುದು, ಬೇಡವಾದರೆ ತೆಗೆಯಬಹುದು.

ಮೂರನೆಯವು ಕ್ರೂಸರ್ ಸಾಲಿನಲ್ಲಿ ನಿಂತಿದ್ದರೂ ಕ್ರೂಸರ್ ಅಲ್ಲ. ಕ್ಲಾಸಿಕ್ 350, ಹೋಂಡಾ ಸಿಬಿ 350 ತರಹದವು. ಬೆನ್ನು ನೆಟ್ಟಗೆ, ಕಾಲು ಸೊಂಟದ ಕೆಳಗೆ. ನಮ್ಮೂರ ಹಿರಿಯರು ಬುಲೆಟ್ ಅನ್ನೋದು ಇವನ್ನೆಲ್ಲ ಸೇರಿಸಿ. ಅಪ್ಪನ ಓರಗೆಯವರಿಗೆ ಅದು ಫಟಫಟಿ. ಇವುಗಳ ಬಗ್ಗೆ ಹೆಚ್ಚು ಹೇಳಲ್ಲ. ಒಳ್ಳೆಯ ಗಾಡಿಗಳೇ, ಆದರೆ ಕ್ಲಾಸಿಕ್ಕಿನ 805 ಮಿಲಿಮೀಟರ್ ಎತ್ತರದ ಸೀಟಿನ ಮೇಲೆ ನನ್ನ ಕಾಲಿನ ತುದಿಬೆರಳಷ್ಟೇ ನೆಲ ಮುಟ್ಟಿದವು. ಅಲ್ಲಿಗೆ ಮಾತು ಮುಗೀತು.

ಮನಸ್ಸು ನಿಂತದ್ದು 650ರ ಮೇಲೆ. ಸದಲಗಾದ ಗೆಳೆಯನೊಬ್ಬ ಪುಣೆಯಲ್ಲಿದ್ದಾನೆ. ಹಬ್ಬಕ್ಕೆ ತನ್ನ 650 ಕ್ರೂಸರ್ ಮೇಲೆ ಬಂದವ ಬಸ್ಸಿಗೆ ವಾಪಸ್ ಹೋಗೋದಿತ್ತು. "ಹುಣ್ಣಿವಿ ತನಕ ಇಟ್ಟಕೋ. ಓಡಿಸಿ ನೋಡು, ಆಮ್ಯಾಲ ರೊಕ್ಕ ಹಾಕು" ಅಂತ ಚಾವಿ ಕೊಟ್ಟ. ಇಂಥ ಗೆಳೆಯ ಎಲ್ಲರಿಗೂ ಇರಲಿ.

ಬೆಳಗಾವಿಯಿಂದ ಕಾಕತಿ ದಾಟಿ ವಂಟಮೂರಿ ಘಾಟಿನ ಕಡೆ ಹೊರಳುವ ಹೈವೇ ನೋಡಿದವರಿಗೆ ಗೊತ್ತು, ಸಂಜೆ ಬಿಸಿಲಿನಲ್ಲಿ ಆ ಗುಡ್ಡಗಳು ಎಷ್ಟು ಚೆಂದ ಅಂತ. ಹನ್ನೊಂದು ವರ್ಷ ಆ ಏರನ್ನು ನಾನು ಗೇರು ಇಳಿಸಿ, ಲಾರಿ ಹಿಂದೆ ಹೊಗೆ ಕುಡಿಯುತ್ತ ಹತ್ತಿದ್ದೆ. ಅವತ್ತು 648 ಸಿಸಿಯ ಜೋಡಿ ಸಿಲಿಂಡರ್ ಇಂಜಿನ್ ಅದನ್ನು ಏರು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. ತೊಂಬತ್ತರಲ್ಲಿ ಹೋದರೂ ಗಾಳಿಯ ಸದ್ದು ಬಿಟ್ಟರೆ ಕೈಗೆ ನಡುಕವಿಲ್ಲ. ಪಕ್ಕದಲ್ಲಿ ಬಸ್ಸು ಹಾದರೆ ಹಳೆಯ ಗಾಡಿ ಒಂದು ಮೊಳ ಸರಿಯುತ್ತಿತ್ತು, ಇದು 241 ಕೆಜಿಯ ಭಾರಕ್ಕೆ ಅಲುಗಲಿಲ್ಲ. ಹತ್ತರಗಿ ಟೋಲ್ ಯಾವಾಗ ಬಂತು, ಸಂಕೇಶ್ವರ ಯಾವಾಗ ಬಂತು ತಿಳಿಯಲಿಲ್ಲ. ಹೆಲ್ಮೆಟ್ಟಿನೊಳಗೆ ಒಬ್ಬನೇ ಹಾಡು ಹೇಳುತ್ತಿದ್ದೆ. ಇದೇ ಗಾಡಿ, ಎಷ್ಟು ಟನ್ ಆದರೂ ಸರಿ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಸಂಕೇಶ್ವರದಲ್ಲಿ ಹೈವೇ ಬಿಟ್ಟು ಚಿಕ್ಕೋಡಿ ಕಡೆ ತಿರುಗಿದ ಮೇಲೆ ಹಾಡು ನಿಂತಿತು.

ಕಾಲು ಮುಂದೆ ಚಾಚಿ ಕೂರೋದು ಸಮ ರಸ್ತೆಯಲ್ಲಿ ಸುಖ. ತಗ್ಗು ಬಂದಾಗ ಅದರ ಕೊರತೆ ತಿಳಿಯುತ್ತದೆ. ಸಾಮಾನ್ಯ ಗಾಡಿಯಲ್ಲಿ ತಗ್ಗು ಕಂಡ ಕೂಡಲೇ ಪೆಗ್ಗಿನ ಮೇಲೆ ಕಾಲೂರಿ ಕುಂಡೆ ಅರ್ಧ ಇಂಚು ಎತ್ತುತ್ತೇವೆ. ನಮಗೇ ಗೊತ್ತಿಲ್ಲದೆ ಮಾಡುವ ಕೆಲಸ ಅದು. ಕ್ರೂಸರಿನಲ್ಲಿ ಪೆಗ್ಗು ಮುಂದಿರೋದರಿಂದ ಎದ್ದೇಳಲು ಆಗೋದಿಲ್ಲ. ಭಾರವೆಲ್ಲ ಬೆನ್ನಿನ ಬುಡದ ಮೇಲೆ, ಏಟೂ ಅಲ್ಲಿಗೇ. ತಗ್ಗಿನ ಸೀಟಿಗಾಗಿ ಹಿಂದಿನ ಶಾಕ್ ಅಬ್ಸಾರ್ಬರಿಗೆ ಕೊಟ್ಟಿರುವ ಜಾಗವೂ ಕಡಿಮೆ, ಸುಮಾರು ಹತ್ತು ಸೆಂಟಿಮೀಟರ್. ಚಿಕ್ಕೋಡಿ ದಾಟುವ ಹೊತ್ತಿಗೆ ನನಗೆ ನನ್ನ ಬೆನ್ನುಮೂಳೆಯ ಒಂದೊಂದು ಮಣಿಯ ಪರಿಚಯವಾಗಿತ್ತು.

ಆಮೇಲೆ ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಲ್ಲಿ ರೋಡ್ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಏರಿ ಇಳಿಯಬೇಕು. ನಮ್ಮ ಊರುಗಳಲ್ಲಿ ಅದನ್ನು ಹಾಕಿಸೋದು ಸಿಟ್ಟು. ಯಾರದೋ ಮಗುವಿಗೆ ಗಾಡಿ ತಗುಲಿದ ಮರುದಿನ ಊರವರೇ ಮಣ್ಣು, ಕಲ್ಲು, ಒಂದಿಷ್ಟು ಡಾಂಬರು ಸೇರಿಸಿ ಗೋಡೆಯಂತೆ ಕಟ್ಟುತ್ತಾರೆ. ಸೂಪರ್ ಮೀಟಿಯೋರಿನ ಹೊಟ್ಟೆ ನೆಲದಿಂದ 135 ಮಿಲಿಮೀಟರ್ ಮೇಲೆ, ಗಾಲಿಗಳ ಅಂತರ ಒಂದೂವರೆ ಮೀಟರ್. ನಿಯಮದ ಹಂಪಿಗೆ ಇದು ಸಾಕು. ಆದರೆ ಹಿಂದೊಬ್ಬರು ಕೂತು ಸ್ಪ್ರಿಂಗ್ ಕೆಳಗಿಳಿದಾಗ, ಗಾಲಿಗಳ ನಡುವೆ ಗೋಡೆಯಂಥ ಹಂಪು ಬಂದಾಗ ಆ ಲೆಕ್ಕ ನಡೆಯೋದಿಲ್ಲ. ಊರ ಹತ್ತಿರ ತಮ್ಮನನ್ನು ಹತ್ತಿಸಿಕೊಂಡು ಒಂದು ಹಂಪು ದಾಟಿದೆ. ಕೆಳಗೆ ಕರ್ ಅಂತು. ತಪ್ಪು ಗಾಡಿಯದಲ್ಲ, ಓರೆಯಾಗಿ, ನಿಧಾನಕ್ಕೆ ದಾಟಿಸಬೇಕಿತ್ತು. ಆದರೆ ಬೆಳಗಾವಿಯಿಂದ ಮನೆವರೆಗಿನ ಎಲ್ಲ ಹಂಪನ್ನೂ ಜೀವನಪರ್ಯಂತ ಓರೆಯಾಗಿ ದಾಟುವ ಸಹನೆ ನನಗಿದೆಯೇ?

ಮನೆಯ ಓಣಿಯಲ್ಲಿ ಇನ್ನೊಂದು ಪಾಠ. ಹಳೆಯ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ಗರ್ರನೆ ತಿರುಗಿಸಿಬಿಡುತ್ತಿದ್ದೆ. ಇದನ್ನು ಹಿಂದಕ್ಕೆ ನೂಕಲು ತಮ್ಮನೂ ಬೇಕಾದ. ಅಂಗಳದ ಕರಿಮಣ್ಣಿನಲ್ಲಿ ನಿಲ್ಲಿಸಿ ಒಳಗೆ ಚಹಾ ಕುಡಿಯುತ್ತಿದ್ದೇವೆ, ಅಪ್ಪ ಹೊರಗಿನಿಂದ ಕೂಗಿದರು. ಸ್ಟ್ಯಾಂಡು ಮಣ್ಣಿನೊಳಗೆ ಇಳಿಯುತ್ತ ಗಾಡಿ ನಿಧಾನಕ್ಕೆ ವಾಲುತ್ತಿತ್ತು. ಅಪ್ಪ ಭುಜ ಕೊಟ್ಟು ನಿಂತಿದ್ದರು. ಅರವತ್ತೈದು ವಯಸ್ಸಿನ ಮನುಷ್ಯ, 241 ಕೆಜಿ. ಮೂವರೂ ಸೇರಿ ಎತ್ತಿ ನಿಲ್ಲಿಸಿದ ಮೇಲೆ ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಶರ್ಯತ್ತಿನ ಎತ್ತು ಕೊಳ್ಳುವವರು ಹಾಗೆ ಸುತ್ತುತ್ತಾರೆ, ಗೊರಸಿನಿಂದ ಶುರು ಮಾಡಿ ಮೇಲಕ್ಕೆ. "ಎತ್ತ ಚಲೋ ಐತಿ. ನಮ್ಮ ಗ್ವಾದಲಿಗೆ ಹೊಂದಂಗಿಲ್ಲ" ಅಂದು ಒಳಗೆ ಹೋದರು.

ಬಾಬರಿನ ಕತೆ ಬೇಗ ಮುಗಿಯುತ್ತದೆ. ನಿಪ್ಪಾಣಿಯಲ್ಲಿ ಮಾವನ ಮಗನ ಹತ್ತಿರ ಒಂಟಿ ಸೀಟಿನದೊಂದಿದೆ. ತಂಬಾಕಿನ ಗೋದಾಮುಗಳ ಓಣಿಯಲ್ಲಿ, ಆ ಘಾಟು ವಾಸನೆಯಲ್ಲಿ ಅದನ್ನು ನಿಲ್ಲಿಸಿದರೆ ಹುಡುಗರು ಸುತ್ತ ಸೇರುತ್ತಾರೆ. ಬೇಡಕಿಹಾಳ, ಸದಲಗಾ ಮೇಲೆ ಊರಿಗೆ ಓಡಿಸಿಕೊಂಡು ಬಂದೆ. ತಿರುವಿನಲ್ಲಿ ಅಷ್ಟು ಚುರುಕಾದ ಗಾಡಿ ನಾನು ಮುಟ್ಟಿಲ್ಲ. "ಹಿಂದ ಯಾರೂ ಕುಂಡ್ರಾಕ ಬರಂಗಿಲ್ಲಲ್ಲೋ" ಅಂದರೆ ಅವ ನಕ್ಕ. "ಅದಕ್ಕ ತಗೊಂಡೇನಿ. ಯಾರಿಗೂ ಲಿಫ್ಟ್ ಕೊಡೂದ ಬ್ಯಾಡ." ಅವನಿಗಿನ್ನೂ ಮದುವೆಯಾಗಿಲ್ಲ. ಆದ ಮೇಲೆ ನೋಡೋಣ.

ಅವ್ವ ಮೊದಲ ದಿನ ಕೇಳಿದ ಪ್ರಶ್ನೆ ಇಷ್ಟು ದಿನ ಹಾಗೇ ಉಳಿದಿತ್ತು. ಅವಳಿಗೆ ಮೂರು ವರ್ಷದಿಂದ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳು ಊರು ಬಿಟ್ಟು ಹೊರಗೆ ಹೋಗೋದು ನನ್ನ ಗಾಡಿಯ ಹಿಂದೆ ಮಾತ್ರ, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ. ಡಾಕ್ಟರ ಹತ್ತಿರ, ತವರಿಗೆ, ವಾರದ ಸಂತೆಗೆ. ನಾನು ಶನಿವಾರ ಬಂದರೆ ಅವಳಿಗೆ ರವಿವಾರ ಕಾಲು ಬಂದ ಹಾಗೆ. ಈ ಸಲ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಕಾರ್ತೀಕ ಹುಣ್ಣಿಮೆಗೆ ಖಿದ್ರಾಪುರ.

ಖಿದ್ರಾಪುರ ನಮಗೆ ದೂರವಲ್ಲ, ಹೊಳೆ ದಾಟಿದರೆ ಮಹಾರಾಷ್ಟ್ರ. ನವೆಂಬರ್ 5, ಬುಧವಾರ. ರಜೆ ಹಾಕಿದೆ. 650 ತೊಳೆದು ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದೆ. ಅವ್ವ ಇಳಕಲ್ ಸೀರೆ ಉಟ್ಟು, ಸೆರಗಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಬಂದಳು. ಕಟ್ಟೆಯ ಪಕ್ಕ ನಿಲ್ಲಿಸಿಕೊಟ್ಟೆ. ಒಂದು ಕಾಲು ಪೆಗ್ಗಿನ ಮೇಲಿಟ್ಟಳು, ಮೊಣಕಾಲು ಏಳಲಿಲ್ಲ. ತಮ್ಮ ಹಿಂದಿನಿಂದ ಹಿಡಿದ. ಹೇಗೋ ಕೂತಳು. ನನ್ನ ಸೀಟು ಕೆಳಗೆ, ಅವಳ ಸೀಟು ಮೇಲೆ, ನಡುವೆ ಒಂದು ಮೆಟ್ಟಿಲು. ಸಣ್ಣ ಸೀಟು, ಹಿಂದಕ್ಕೆ ಇಳಿಜಾರು. ಎರಡೂ ಕಡೆ ಕಾಲು ಹಾಕಿ ಸವಾರನನ್ನು ಅಪ್ಪಿ ಕೂರುವವರಿಗೆ ಅದು ಸಾಕು. ಒಂದೇ ಕಡೆ ಕೂತವರ ಎರಡೂ ಪಾದಕ್ಕೆ ಒಂದು ಸಣ್ಣ ಪೆಗ್ಗು ಸಾಲದು. ಅಗಲದ ಪಟ್ಟಿ ಬೇಕು, ಹಿಡಿಯಲು ಹಿಡಿಕೆ ಬೇಕು. ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ಗಾರ್ಡು ಇರಬೇಕು ಅನ್ನುತ್ತದೆ. ಗೆಳೆಯ ಚೆಂದಕ್ಕೆ ಅಂತ ಸೀರೆ ಗಾರ್ಡು ಬಿಚ್ಚಿಸಿಬಿಟ್ಟಿದ್ದ. ನಾನು ಒಂದು ವಾರ ಗಾಡಿ ಓಡಿಸಿದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಅವ್ವ ಒಂದು ನಿಮಿಷ ಸುಮ್ಮನೆ ಕೂತಳು. ಆಮೇಲೆ, "ತಮ್ಮಾ, ಇದು ಕುಂಡ್ರು ಗಾಡಿ ಅಲ್ಲ, ಏರೂ ಗಾಡಿ. ನನ್ನ ಇಳಸು. ನೀವಿಬ್ರೂ ಹೋಗಿ ಬರ್ರಿ" ಅಂದಳು. ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಹಳೆಯ 150ನ್ನು ಹೊರಗೆ ತೆಗೆದೆ. ಅವ್ವ ಅದರ ಮೇಲೆ ಕಟ್ಟೆಯಿಂದ ಕಟ್ಟೆಗೆ ಸರಿದ ಹಾಗೆ ಕೂತಳು.

ಏಕಸಂಬಿ–ದಾನವಾಡ ಸೇತುವೆಯ ಮೇಲೆ ಸಂಜೆ ಆರಕ್ಕೆ ನಿಂತರೆ ದೂಧಗಂಗೆ ಎಷ್ಟು ಸಾಧು ಹೊಳೆ ಅನಿಸುತ್ತದೆ. ಇದೇ ಹೊಳೆ ಜುಲೈ, ಆಗಸ್ಟಿನಲ್ಲಿ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳನ್ನು ನುಂಗುತ್ತದೆ. ಪೇಪರಿನಲ್ಲಿ ಪ್ರತಿ ವರ್ಷ ಅದೇ ಊರುಗಳ ಹೆಸರು ಬರುತ್ತವೆ. ಆಚೆ ದಂಡೆಗೆ ಹೋದರೆ ಬೋರ್ಡು ಮರಾಠಿ, ಗಾಡಿಗಳ ನಂಬರು ಕೆಎ 23 ಹೋಗಿ ಎಂಎಚ್ 09. ಚಹಾದ ಅಂಗಡಿಯಲ್ಲಿ ಮಾತು ಮಾತ್ರ ಎರಡೂ ಕಲಸಿದ್ದು. ಕಬ್ಬಿನ ನಡುವಿನ ಸಣ್ಣ ರಸ್ತೆಗಳಲ್ಲಿ ಟಾಕಳಿ, ರಾಜಾಪುರದ ಕಡೆ. ಮಳೆಗಾಲದಲ್ಲಿ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್ ಅಂತ ಟಿವಿಯಲ್ಲಿ ಕೇಳುತ್ತೀರಲ್ಲ, ಅದೇ ಊರು. ಅದರಾಚೆ ಕೃಷ್ಣೆಯ ದಂಡೆಗೆ ಖಿದ್ರಾಪುರ.

ಕೊಪ್ಪೇಶ್ವರ ದೇವಸ್ಥಾನ ಶಿಲಾಹಾರರ ಕಾಲದ್ದು, ಹನ್ನೆರಡನೇ ಶತಮಾನ. ಯಾದವರ ಸಿಂಘಣನ ಸಂಸ್ಕೃತ ಶಾಸನವೊಂದು ಹೊರಗೋಡೆಯ ಮೇಲಿದೆ. ಅಲ್ಲಿನ ಹೆಚ್ಚಿನ ಶಾಸನಗಳು ಕನ್ನಡದವು. ಮುಂದಿನ ಸ್ವರ್ಗ ಮಂಟಪಕ್ಕೆ 48 ಕಂಬ, ನೆತ್ತಿಯ ಮೇಲೆ ಛಾವಣಿ ಇಲ್ಲ, ದುಂಡಗೆ ಆಕಾಶ ಕಾಣುವ ಬಾಯಿ. ಕಾರ್ತೀಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಆ ಬಾಯಿಯ ನೇರಕ್ಕೆ ಬರುತ್ತಾನೆ, ಅದನ್ನು ನೋಡಲು ಜಾತ್ರೆಯ ಹಾಗೆ ಮಂದಿ.

ಗುಡಿಯ ಮುಂದೆ ನಂದಿ ಇಲ್ಲ. ಶಿವನ ಗುಡಿಯಲ್ಲಿ ನಂದಿ ಇಲ್ಲದ್ದು ಯಾಕೆ ಅಂತ ಅವ್ವನೇ ಹೇಳಿದಳು, ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು. ದಕ್ಷ ಯಜ್ಞ ಮಾಡಿದ, ಮಗಳನ್ನು ಕರೆಯಲಿಲ್ಲ. ಸತಿಗೆ ತವರಿಗೆ ಹೋಗಲೇಬೇಕು ಅನಿಸಿತು. ಶಿವ ತಾನು ಬರಲ್ಲ ಅಂದ, ನಂದಿಯನ್ನು ಕೊಟ್ಟು ಕಳಿಸಿದ. ಹೋದವಳು ತಿರುಗಿ ಬರಲಿಲ್ಲ. ಶಿವ ಸಿಟ್ಟಾಗಿ ಇಲ್ಲಿ ಕೂತ, ಅದಕ್ಕೆ ಕೋಪೇಶ್ವರ. ನಂದಿ ಉಳಿದದ್ದು ಯಡೂರಿನಲ್ಲಿ, ನಮ್ಮ ಚಿಕ್ಕೋಡಿ ತಾಲೂಕಿನ ದಂಡೆಗೆ. ಅಲ್ಲಿ ವೀರಭದ್ರ. "ಗಾಡಿ ಆಕಿ ಜೋಡಿ ಹೋತು, ಇಂವ ಇಲ್ಲೇ ಕುಂತ" ಅಂದಳು ಅವ್ವ. ಕೇಳುತ್ತಿದ್ದ ಪಕ್ಕದ ಮುದುಕಿ "ಹೌದ ನೋಡ ಯವ್ವಾ" ಅಂತ ತಲೆ ಆಡಿಸಿದಳು.

ಚಂದ್ರ ನೆತ್ತಿಗೆ ಬಂದಾಗ ಮಂಟಪದಲ್ಲಿದ್ದವರೆಲ್ಲ ಮೊಬೈಲ್ ಮೇಲೆತ್ತಿದರು. ಅವ್ವ ಕೈ ಮುಗಿದಳು. ಅವಳ ಮುಖದ ಫೋಟೋ ತೆಗೆಯಬೇಕಿತ್ತು, ತೆಗೆಯಲಿಲ್ಲ.

ವಾಪಸ್ ಹೊರಟಾಗ ಮಧ್ಯರಾತ್ರಿ ದಾಟಿತ್ತು. ಬೆಳದಿಂಗಳಿತ್ತು, ನಲವತ್ತರ ಮೇಲೆ ಹೋಗಲಿಲ್ಲ. ಎದುರಿನಿಂದ ಒಂದು ಕಾರು ದೊಡ್ಡ ಬೆಳಕು ಹಾಕಿಕೊಂಡು ಬಂತು, ಕಣ್ಣು ಕತ್ತಲಾಯಿತು. ಅದು ದಾಟಿದ ಮೇಲೆ ನೋಡುತ್ತೇನೆ, ಹತ್ತು ಮಾರು ಮುಂದೆ ರಸ್ತೆಯ ಅರ್ಧಕ್ಕೆ ಕಬ್ಬಿನ ಟ್ರ್ಯಾಲಿ. ಟೈರು ಪಂಕ್ಚರ್ ಆಗಿ ನಿಂತದ್ದು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಮೇಲೆ ಕೆಸರು. ಚಾಚಿದ ಕಬ್ಬಿನ ತುದಿಗಳು ನನ್ನ ಎದೆಯ ಮಟ್ಟಕ್ಕೆ.

ಎರಡೂ ಬ್ರೇಕು ಒತ್ತಿದೆ. ಹಿಂದಿನ ಗಾಲಿ ಕಚ್ಚಿಕೊಂಡು ಬಲಕ್ಕೆ ಜಾರಿತು. ಬ್ರೇಕ್ ಸಡಿಲ ಬಿಟ್ಟು ಮತ್ತೆ ಹಿಡಿದೆ. ಎಲೆಗಳು ಹೆಲ್ಮೆಟ್ಟಿಗೆ ತಾಗಿ ಸರಸರ ಅಂದವು, ಗಾಡಿ ನಿಂತಿತು. ಅವ್ವನ ಬೆರಳು ನನ್ನ ಭುಜದ ಎಲುಬಿನಲ್ಲಿ ಇಳಿದಿದ್ದವು. ಅವಳು ಬಿದ್ದಿರಲಿಲ್ಲ. ಅಗಲದ ಪಟ್ಟಿಯ ಮೇಲೆ ಎರಡೂ ಪಾದ ಊರಿಕೊಂಡಿದ್ದಳು. ಆ 650ರ ಇಳಿಜಾರು ಸೀಟಿನ ಮೇಲೆ ಕೂತಿದ್ದರೆ ಅನ್ನೋ ಯೋಚನೆ ಮನೆ ಸೇರುವ ತನಕ ಬಿಡಲಿಲ್ಲ. ಅದರ ಜೊತೆ ಇನ್ನೊಂದೂ ಇತ್ತು. ನನ್ನ ಹಳೆಯ ಗಾಡಿಗೆ ಎಬಿಎಸ್ ಇಲ್ಲ. 125 ಸಿಸಿಗಿಂತ ದೊಡ್ಡ ಎಲ್ಲ ಬೈಕಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನನ್ನದು ಅದಕ್ಕಿಂತ ಐದು ವರ್ಷ ಹಿಂದಿನದು. ಗಾಲಿ ಕಚ್ಚದಂತೆ ಬ್ರೇಕನ್ನು ತಾನೇ ಹಿಡಿದು ಬಿಟ್ಟು ಮಾಡುವ ಆ ಸಣ್ಣ ಯಂತ್ರ ಇದ್ದಿದ್ದರೆ ಗಾಡಿ ಜಾರುತ್ತಿರಲಿಲ್ಲ. ತಿಂಗಳಿಂದ ನಾನು ಸಿಸಿ, ಸೈಲೆನ್ಸರಿನ ಸದ್ದು, ಟ್ಯಾಂಕಿನ ಬಣ್ಣ ನೋಡುತ್ತಿದ್ದೆ. ಈ ರಸ್ತೆಯಲ್ಲಿ ನವೆಂಬರಿನಿಂದ ಮಾರ್ಚ್ ತನಕ ಓಡಾಡುವವನಿಗೆ ಮೊದಲು ಬೇಕಾದದ್ದು ಒಳ್ಳೆ ಹೆಡ್‌ಲೈಟ್ ಮತ್ತು ಆ ಬ್ರೇಕು.

ಮರುದಿನ ಬೆಳಗ್ಗೆ ಅವ್ವ ಅಪ್ಪನಿಗೆ ಏನು ಹೇಳಿದಳೋ ಗೊತ್ತಿಲ್ಲ. ಅಪ್ಪ ಬಂದು "ಹೊಸಾ ಗಾಡಿ ಬೇಕ ಐತಿ ಬಿಡು" ಅಂದರು. ದರದ ಮಾತು ಎತ್ತಲಿಲ್ಲ.

ನವೆಂಬರ್ 7ರ ಶುಕ್ರವಾರ ಸರ್ಕಾರ ಟನ್ನಿಗೆ 3300 ಅಂತ ತೀರ್ಮಾನ ಮಾಡಿತು. 3500 ಸಿಗಲಿಲ್ಲ ಅಂತ ಊರಿನಲ್ಲಿ ಗೊಣಗಾಟವಿತ್ತು, ಹೋರಾಟ ಮುಗೀತು ಅನ್ನೋ ಸಮಾಧಾನವೂ ಇತ್ತು. ಶನಿವಾರ ರಾತ್ರಿ ಊಟದ ಮೇಲೆ ದೇವರ ಜಗಲಿಯಿಂದ ಕಾಗದ ಇಳಿಸಿ ಇಬ್ಬರೂ ಲೆಕ್ಕಕ್ಕೆ ಕೂತೆವು. 650ರ ಶೋರೂಮ್ ಬೆಲೆ ನಾಲ್ಕು ಲಕ್ಷದ ಆಸುಪಾಸು, ನೂರಾ ಇಪ್ಪತ್ತು ಟನ್ನು. 350ರ ಕ್ರೂಸರ್ ಎರಡು ಲಕ್ಷದ ಆಸುಪಾಸು, ಅರವತ್ತು ಟನ್ನು. ಎರಡಕ್ಕೂ ರಸ್ತೆ ತೆರಿಗೆ, ವಿಮೆ ಬೇರೆ. ಈ ಅಂತರ ಇಷ್ಟು ದೊಡ್ಡದಾಗಲು ಜಿಎಸ್‌ಟಿಯೂ ಕಾರಣ ಅಂತ ಅಪ್ಪನಿಗೆ ಬಿಡಿಸಿ ಹೇಳಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗೆ 28 ಇದ್ದದ್ದು 18 ಪರ್ಸೆಂಟ್ ಆಯಿತು. ಅದರ ಮೇಲಿನವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಮೀಟಿಯೋರಿನ ಇಂಜಿನ್ 349 ಸಿಸಿ.

"ಅಂದ್ರ ಒಂದ ಸಿಸಿ ಕಡಿಮಿ ಇದ್ದದ್ದಕ್ಕ ಇಷ್ಟ ಫರಕ?" ಅಪ್ಪನಿಗೆ ಇದು ಬಹಳ ಹಿಡಿಸಿತು. ಅದನ್ನು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಉಳಿದ ಅರವತ್ತು ಟನ್ನಿನ ಬಗ್ಗೆ ಅವರೇನೂ ಹೇಳಲಿಲ್ಲ. ಹೊಳೆದಂಡೆಯ ಎರಡು ಎಕರೆಗೆ ಡ್ರಿಪ್ ಹಾಕಿಸುವ ಮಾತು ಮನೆಯಲ್ಲಿ ಎರಡು ವರ್ಷದಿಂದ ಇದೆ, ಅದು ನನಗೂ ಗೊತ್ತು.

ಶೋರೂಮಿಗೆ ಅವ್ವನನ್ನೂ ಕರೆದುಕೊಂಡು ಹೋದೆ. ಮಾರುವ ಹುಡುಗ ನನಗೆ ಟರ್ನ್ ಬೈ ಟರ್ನ್ ನ್ಯಾವಿಗೇಶನ್ ವಿವರಿಸುತ್ತಿದ್ದ; ನಾನು ಅವ್ವನನ್ನು ಹಿಂದೆ ಕೂರಿಸಿ ಇಳಿಸಿ, ಕೂರಿಸಿ ಇಳಿಸಿ ಮಾಡುತ್ತಿದ್ದೆ. ಸೀಟು 765 ಮಿಲಿಮೀಟರ್, ನನ್ನ ಎರಡೂ ಪಾದ ನೆಲದ ಮೇಲೆ. ಹೊಟ್ಟೆ ನೆಲದಿಂದ 170. ತೂಕ 191 ಕೆಜಿ, ಒಬ್ಬನೇ ಹಿಂದಕ್ಕೆ ನೂಕಿ ನೋಡಿದೆ. ಎರಡೂ ಗಾಲಿಗೆ ಎಬಿಎಸ್. ಪೆಗ್ಗು ಮುಂದಿದೆ ನಿಜ, ಆದರೆ ದೊಡ್ಡಣ್ಣನಷ್ಟು ಬೆನ್ನಿಗೆ ಕಾಡಲಿಲ್ಲ. ಟೆಸ್ಟ್ ರೈಡಿಗೆ ಅಂತ ಹೊರಟಾಗ ಅವ್ವನೂ ಹಿಂದೆ ಇದ್ದಳು, ಬೇಕಂತಲೇ ಹತ್ತಿರದ ಅತಿ ಕೆಟ್ಟ ಹಂಪು ಹುಡುಕಿ ದಾಟಿಸಿದೆ. ಗಾಡಿ ನೋಡಲು ಹೋಗುವವರು ಇದನ್ನು ಮಾಡಿ. ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಒಬ್ಬರೇ ಒಂದು ಸುತ್ತು ಹೊಡೆದರೆ ಎಲ್ಲ ಗಾಡಿಯೂ ಚೆನ್ನಾಗಿರುತ್ತವೆ.

ಸೀರೆ ಗಾರ್ಡು ಇರಲಿ, ಎಡಗಡೆ ಎರಡೂ ಪಾದ ಹಿಡಿಸುವ ಅಗಲದ ಪಟ್ಟಿ ಕೂಡಿಸಿ ಅಂದೆ. ಹುಡುಗ ಮುಖ ಹುಳ್ಳಗೆ ಮಾಡಿದ. "ಸರ್, ಲುಕ್ ಹೋಗ್ತೈತ್ರಿ."

"ಹೋಗ್ಲಿ ಬಿಡಪಾ" ಅಂದಳು ಅವ್ವ, ಸೀಟಿನ ಮೇಲೆ ಕೂತೇ.

650ನ್ನು ಸದಲಗಾಕ್ಕೆ ತಿರುಗಿ ಕೊಡಲು ಹೋಗುವಾಗ ಹೊಟ್ಟೆಯಲ್ಲಿ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ವಂಟಮೂರಿ ಘಾಟಿನಲ್ಲಿ ಈಗ 350 ಸ್ವಲ್ಪ ಏದುಸಿರು ಬಿಡುತ್ತದೆ, 20 ಬಿಎಚ್‌ಪಿ ಅಷ್ಟೇ. ತೊಂಬತ್ತು ದಾಟಿದರೆ ಇಂಜಿನ್ ಸದ್ದು ಬೇರೆ ಆಗುತ್ತದೆ. ಎಂಬತ್ತರಲ್ಲಿ ಹೋಗುತ್ತೇನೆ.

ಗಾಡಿ ಮನೆಗೆ ಬಂದ ದಿನ ಗಾಲಿಗೆ ಲಿಂಬೆಹಣ್ಣು ಇಟ್ಟು, ಹಾರ ಹಾಕಿ, ಅವ್ವನನ್ನು ಕೂರಿಸಿಕೊಂಡು ಬೀರೇಶ್ವರನ ಗುಡಿಗೆ ಹೋಗಿ ಬಂದೆ. ಬಂದು ನೋಡಿದರೆ ಅಂಗಳದಲ್ಲಿ, ನಾನು ಯಾವಾಗಲೂ ಗಾಡಿ ನಿಲ್ಲಿಸುವ ಜಾಗದಲ್ಲಿ, ಅಪ್ಪ ಕರಿಮಣ್ಣು ತೋಡಿ ಒಂದು ಚಪ್ಪಡಿ ಕಲ್ಲು ಕೂರಿಸಿದ್ದರು. ಸೈಡ್ ಸ್ಟ್ಯಾಂಡಿಗೆ. ಅಳತೆ ಸರಿಯಾಗಿದೆಯೋ ಇಲ್ಲವೋ ನೋಡಲು ಪಕ್ಕದಲ್ಲೇ ಕೈಗೆ ಮಣ್ಣು ಮೆತ್ತಿಕೊಂಡು ನಿಂತಿದ್ದರು. "ಸ್ವಲ್ಪ ಮುಂದ ತಗೋ" ಅಂದರು. "ಹಾಂ, ಈಗ ಬಿಡು."